ಗೂಟವಿಲ್ಲದ ಗೂಡು

ಜನವರಿ 7, ಭಾನುವಾರ

ದೋಣಿಯಲ್ಲಿ ಇಪ್ಪತ್ತಾರು ಜನ ಬಂದೆವು. ಇಪ್ಪತ್ತೈದು ಜನ ಎರಡು ಗಂಟೆ ಸುತ್ತಾಡಿ ವಾಪಸು ಹೋದರು. ಉಳಿದವಳು ನಾನೊಬ್ಬಳೇ.

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯಬಹುದು. ನಾನು ಇಲ್ಲಿಗೆ ಬಂದದ್ದು ಕಡಲಾಮೆಗಳ ಮೇಲಿನ ಪ್ರೀತಿಯಿಂದಲ್ಲ. ಎರಡು ಕಾಲೇಜುಗಳ ಸಂದರ್ಶನದಲ್ಲಿ ಬಾಯಿ ಕಟ್ಟಿಹೋಯಿತು. ಮೊದಲನೆಯದರಲ್ಲಿ ಹೆಸರನ್ನಾದರೂ ಹೇಳಿದೆ. ಎರಡನೆಯದರಲ್ಲಿ ಹೆಸರು ಕೇಳಿದಾಗ ಅರ್ಜಿಯ ಮೇಲೆ ಬೆರಳಿಟ್ಟು ತೋರಿಸಿದೆ. ಸಾಹಿತ್ಯದಲ್ಲಿ ಮೊದಲ ದರ್ಜೆ ಬಂದವಳು! ಅಮ್ಮ ಒಂದು ವಾರ ಸುಮ್ಮನಿದ್ದು, ಎಂಟನೇ ದಿನ ತನ್ನ ತಮ್ಮನಿಗೆ ಫೋನ್ ಮಾಡಿದಳು. "ನಿನ್ನ ದ್ವೀಪದಲ್ಲಿ ಬರೆಯೋ ಕೆಲಸ ಏನಾದ್ರೂ ಇದ್ಯೇನೋ? ಇವಳು ಇಲ್ಲಿ ಗೋಡೆ ನೋಡ್ಕೊಂಡು ಕೂತಿದ್ದಾಳೆ."

ಮಾವ ಹತ್ತೊಂಬತ್ತು ವರ್ಷಗಳಿಂದ ಈ ದ್ವೀಪದ ಕಾವಲುಗಾರರು. ದಡದಲ್ಲಿ ನಿಂತು ನನ್ನ ಪೆಟ್ಟಿಗೆ ಎತ್ತಿದವರೇ "ಅಯ್ಯೋ, ಕಲ್ಲು ತಂದಿದ್ದೀಯಾ?" ಎಂದರು. ಪುಸ್ತಕಗಳು ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ದೋಣಿಯವನು ಹೇಳಿದ: "ಪುಸ್ತಕ ಅಣ್ಣಾ. ದಾರಿ ತುಂಬ ಓದ್ತಾ ಬಂದ್ರು. ನಾನು ಮೂರು ಸಲ ಮಾತಾಡಿಸಿದೆ, ಮೂರು ಸಲ ನಕ್ಕರು ಅಷ್ಟೆ." ಅವನನ್ನು ಎಲ್ಲರೂ ಡೀಸೆಲ್ ಎಂದೇ ಕರೆಯುತ್ತಾರೆ. ಹತ್ತಿರ ಬಂದರೆ ಕಾರಣ ತಿಳಿಯುತ್ತದೆ.

ಕಾವಲು ಠಾಣೆಯೆಂದರೆ ಎರಡು ಕೋಣೆ, ಪುಟ್ಟ ಉಗ್ರಾಣ, ಒಂದು ಜಗಲಿ, ಮಳೆನೀರಿನ ಒಂದು ಟ್ಯಾಂಕು. ಜಗಲಿಯ ಮೇಜಿನ ಮೇಲೆ ರಿಜಿಸ್ಟರ್, ಅಳತೆಯ ಟೇಪು, ಹಿಡಿ ಮುರಿದ ಲೋಟದಲ್ಲಿ ಪೆನ್ಸಿಲುಗಳು. ಫೋನು ಸಿಗುವುದು ಟ್ಯಾಂಕಿನ ಏಣಿ ಹತ್ತಿದರೆ ಮಾತ್ರ. ಈ ವಿಷಯ ಕೇಳಿ ನನಗೆ ಸಂತೋಷವಾಯಿತು.

ಜನವರಿ 10, ಬುಧವಾರ

ಮೂರು ದಿನದಿಂದ ಬೆಳಿಗ್ಗೆ ಆರಕ್ಕೆ ಮಾವನ ಹಿಂದೆ ಮರಳಿನಲ್ಲಿ ನಡೆಯುತ್ತಿದ್ದೇನೆ. ರಾತ್ರಿ ಯಾವ ಆಮೆ ಬಂದು ಎಲ್ಲಿ ಮೊಟ್ಟೆಯಿಟ್ಟು ಹೋಯಿತೆಂದು ಹೆಜ್ಜೆಗುರುತು ನೋಡಿ ತಿಳಿಯಬೇಕು. ಆಮೆ ಹತ್ತಿದ ದಾರಿ ಒಂದು, ಇಳಿದ ದಾರಿ ಇನ್ನೊಂದು. ನಡುವೆ ಎಲ್ಲೋ ಕೆದಕಿದ ಮರಳು. ಇಲ್ಲಿಗೆ ಬರುವ ಜಾತಿ ಚಿಕ್ಕದು, ಗೂಡಿನ ಆಳ ಒಂದು ಮೊಳದಷ್ಟು. ಮೊಟ್ಟೆಯಿಟ್ಟ ಮೇಲೆ ಅದು ಮರಳನ್ನು ಎಷ್ಟು ಚೆನ್ನಾಗಿ ಮುಚ್ಚುತ್ತದೆಂದರೆ, ಹೆಜ್ಜೆಗಳಿಲ್ಲದಿದ್ದರೆ ಗೂಡು ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಗೂಡು ಸಿಕ್ಕಿದ ಕೂಡಲೇ ಪಕ್ಕದಲ್ಲಿ ಸಂಖ್ಯೆ ಬರೆದ ಗೂಟ ನೆಡಬೇಕು. ಆಮೇಲೆ, ಮರುದಿನ ಅದೇ ಗುರುತನ್ನು ಇನ್ನೊಮ್ಮೆ ಎಣಿಸಬಾರದೆಂದು, ಹೆಜ್ಜೆಗಳನ್ನು ಕಾಲಿನಿಂದ ಅಳಿಸಬೇಕು. ತೀರ ಕೆಳಗೆ, ಉಬ್ಬರದ ನೀರು ಮುಟ್ಟುವ ಕಡೆ ಇಟ್ಟಿದ್ದರೆ ಮೊಟ್ಟೆಗಳನ್ನು ಆರು ಗಂಟೆಯೊಳಗೆ ಮೇಲಕ್ಕೆ ಸಾಗಿಸಬೇಕು. ಆರು ಗಂಟೆ ದಾಟಿದರೆ ಮುಟ್ಟುವಂತಿಲ್ಲ. ಒಳಗಿನ ಜೀವ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಅಲುಗಾಡಿಸಿದರೆ ಸಾಯುತ್ತದೆ.

ಮಾವ ಒಂದೊಂದು ಹೆಜ್ಜೆಯನ್ನೂ ಮಾತಾಡಿಸುತ್ತ ನಡೆಯುತ್ತಾರೆ. "ಇವಳು ಸುಸ್ತಾಗಿದ್ಲು ನೋಡು, ಇಲ್ಲಿ ನಿಂತು ಉಸಿರು ತಗೊಂಡಿದ್ದಾಳೆ. ಇವಳಿಗೆ ಜಾಗ ಇಷ್ಟ ಆಗ್ಲಿಲ್ಲ, ಹಾಗೇ ತಿರುಗಿ ಹೋಗಿದ್ದಾಳೆ. ಬಾಡಿಗೆ ಮನೆ ನೋಡೋಕೆ ಬಂದವರ ಹಾಗೆ." ನನ್ನನ್ನು ಎಂ.ಎ. ಎಂದು ಕರೆಯತೊಡಗಿದ್ದಾರೆ. "ಏನಮ್ಮಾ ಎಂ.ಎ., ಓದೋಕೆ ಬರುತ್ತಾ ಇದು?"

ಬರುತ್ತದೆ. ಹೇಳಬೇಕಾದ ಅಗತ್ಯವಿಲ್ಲದ ಓದು ಇದು. ನನಗೆ ಹಿಡಿಸಿದೆ.

ಇಲ್ಲಿ ಇನ್ನೊಂದು ರೂಢಿಯಿದೆ: ಗೂಡನ್ನು ಮೊದಲು ಕಂಡವರೇ ಅದರ ಯಜಮಾನರು. ಮರಿಯಾಗುವ ತನಕ ಅದರ ಜವಾಬ್ದಾರಿ ಅವರದು. ಇನ್ನೂ ನನ್ನದೊಂದೂ ಇಲ್ಲ.

ಇವತ್ತು ನೋಡಲು ಬಂದವರಿದ್ದರು. ಬುಧವಾರ, ಭಾನುವಾರ ಮಾತ್ರ ಅನುಮತಿ. ಅವರು ಇದ್ದ ಎರಡು ಗಂಟೆ ನಾನು ಉಗ್ರಾಣದಲ್ಲಿ ಕೂತು ಗೂಟಗಳಿಗೆ ಬಣ್ಣ ಬಳಿದೆ.

ಜನವರಿ 14, ಭಾನುವಾರ

ಹೇಗೆ ಬರೆಯಲಿ.

ಇವತ್ತು ಮಾವ ನನ್ನನ್ನು ಒಬ್ಬಳನ್ನೇ ಕಳಿಸಿದರು. ಬಡಗಣ ತುದಿಯಿಂದ ಠಾಣೆಯ ತನಕ ನನ್ನ ಪಾಲು, ಅಲ್ಲಿಂದಾಚೆ ಅವರದು. ಕೈಯಲ್ಲಿ ಎರಡು ಗೂಟ ಇದ್ದವು. ಎರಡು ಗೂಡು ಸಿಕ್ಕವು, ನೆಟ್ಟೆ, ಹೆಜ್ಜೆ ಅಳಿಸಿದೆ. ಹಿಗ್ಗಿನಲ್ಲಿ ಬರುತ್ತಿದ್ದೆ. ದೋಣಿ ನಿಲ್ಲುವ ಜಾಗದ ಹತ್ತಿರ, ಕಪ್ಪು ಬಂಡೆಯ ಪಕ್ಕದಲ್ಲಿ, ಮೂರನೆಯದು ಕಾಣಿಸಿತು. ನೀರಿನಂಚಿಗೆ ತೀರ ಹತ್ತಿರ. ಹೆಜ್ಜೆ, ಕೆದಕಿದ ಮರಳು, ಎಲ್ಲ ಹೊಸದು. ಕೈಯಲ್ಲಿ ಗೂಟ ಮುಗಿದಿತ್ತು.

ಅಷ್ಟರಲ್ಲಿ ಡೀಸೆಲ್‌ನ ದೋಣಿ ಬಂತು, ಅರ್ಧ ಗಂಟೆ ಮುಂಚೆ. ಮುಂದೆ ಕೂತಿದ್ದ ಹೆಂಗಸೊಬ್ಬರು ನನ್ನ ಕಡೆ ಕೈ ಬೀಸುತ್ತಿದ್ದರು. ಇಳಿದ ತಕ್ಷಣ ಈ ಗುರುತು ನೋಡುತ್ತಾರೆ, ಇದೇನು ಎಂದು ಕೇಳುತ್ತಾರೆ, ಇಪ್ಪತ್ತೈದು ಜನ ಸುತ್ತ ನಿಲ್ಲುತ್ತಾರೆ, ನಾನು ಹೇಳಬೇಕಾಗುತ್ತದೆ. ಅಷ್ಟು ನೆನೆದದ್ದೇ ಸಾಕಾಯಿತು. ಎರಡೂ ಕಾಲಿನಿಂದ ಸರಸರನೆ ಹೆಜ್ಜೆಗಳನ್ನು ಅಳಿಸಿದೆ. ಕೆದಕಿದ ಮರಳನ್ನೂ ಮಟ್ಟ ಮಾಡಿದೆ. ಅವರು ಹೋದ ಮೇಲೆ ಬಂದು ಗೂಟ ನೆಟ್ಟರಾಯಿತು ಎಂದುಕೊಂಡು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ಗಂಟೆ ಬಿಟ್ಟು ಬಂದಾಗ ಉಬ್ಬರ ಏರಿ ಇಳಿದಿತ್ತು. ಮರಳು ಗಾಜಿನ ಹಾಗೆ ನುಣ್ಣಗೆ. ಮೇಲಿನ ಒಣ ಮರಳಿನ ತುಂಬ ಚಪ್ಪಲಿಗಳ ಗುರುತು. ಬಂಡೆಯಿಂದ ಹತ್ತು ಹೆಜ್ಜೆಯೋ ಹದಿನೈದೋ? ಬಲಕ್ಕೋ ಎಡಕ್ಕೋ? ಎಲ್ಲಿ ನಿಂತರೂ ಅದೇ ಜಾಗ ಅನ್ನಿಸುತ್ತಿತ್ತು.

ಮಾವನಿಗೆ ಹೇಳಲೇಬೇಕಾಯಿತು. ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ತೆಳ್ಳನೆಯ ಕೋಲು ತಂದು ಅಂಗುಲ ಅಂಗುಲವಾಗಿ ಮರಳನ್ನು ಒತ್ತಿ ನೋಡಿದರು. ಗೂಡಿನ ಮೇಲೆ ಮರಳು ಸಡಿಲವಾಗಿರುತ್ತದಂತೆ, ಕೈಗೆ ತಿಳಿಯುತ್ತದಂತೆ. ನೀರು ಕುಡಿದ ಮರಳು ಎಲ್ಲ ಕಡೆ ಒಂದೇ ಗಟ್ಟಿ. ಒಂದು ಗಂಟೆ ಹುಡುಕಿ ಬೆನ್ನು ನೆಟ್ಟಗೆ ಮಾಡಿಕೊಂಡು ಗಡಿಯಾರ ನೋಡಿದರು. ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ನೂರು ಮೊಟ್ಟೆ ಇರುತ್ತೆ," ಎಂದರು. ಅಷ್ಟೆ.

ಮಧ್ಯಾಹ್ನ ಊಟ ಬಡಿಸಿದರು. ಆಮೇಲೆ ಚಹಾ ಮಾಡಿ ಕೊಟ್ಟರು. ಸಕ್ಕರೆ ಎರಡು ಸಲ ಹಾಕಿದ್ದರು. ಪೂರ್ತಿ ಕುಡಿದೆ.

ಜನವರಿ 16, ಮಂಗಳವಾರ

ಮಂಗಳವಾರ ಡಾಕ್ಟರಮ್ಮ ಬರುವ ದಿನ. ಆಮೆಗಳ ಬಗ್ಗೆ ಸಂಶೋಧನೆ ಮಾಡಿದವರು, ದ್ವೀಪದ ಕೆಲಸವೆಲ್ಲ ಅವರ ಮೇಲ್ವಿಚಾರಣೆಯಲ್ಲಿ. ಬಿಳಿ ಕೂದಲು, ಗಂಡಸರ ಕೈಗಡಿಯಾರ. ರಿಜಿಸ್ಟರ್ ತೆರೆದು ನೋಡಿದರು. ಮಾವ ನನ್ನ ಕೈಯಿಂದಲೇ ಬರೆಸಿದ್ದರು: "ಗೂಡು 27. ಗೂಟ ನೆಡುವ ಮೊದಲು ಹೆಜ್ಜೆ ಅಳಿಸಲಾಯಿತು. ಜಾಗ ತಿಳಿಯದು."

"ಅಳಿಸಲಾಯಿತು ಅಂದ್ರೆ? ತಾನಾಗೇ ಅಳಿಸ್ಕೊಂಡ್ತಾ?" ಎಂದು ಕೇಳಿದರು.

ಪೆನ್ನು ತೆಗೆದು "ನಾನು ಅಳಿಸಿದೆ" ಎಂದು ತಿದ್ದಿದೆ.

"ಹಾಂ. ಈಗ ಕೇಳು. ಬಂಡೆಯಿಂದ ಆಚೆ ಇಪ್ಪತ್ತು ಹೆಜ್ಜೆ, ಈಚೆ ಇಪ್ಪತ್ತು ಹೆಜ್ಜೆ, ಹಗ್ಗ ಕಟ್ಟಿ. ಮರಿ ಬರೋ ತನಕ ಅಲ್ಲಿ ಒಂದು ಕಾಲು ಬೀಳಬಾರದು. ಮರಳು ಗಟ್ಟಿಯಾದ್ರೆ ಮರಿ ಮೇಲೆ ಬರೋಕಾಗಲ್ಲ, ಒಳಗೇ ಉಸಿರುಕಟ್ಟಿ ಸಾಯುತ್ತೆ. ನೀರು ಬರದ ಹಾಗೆ ಮರಳಿನ ಚೀಲ ಜೋಡಿಸಿ. ದೋಣಿ ಪೂರ್ವದ ಕಡೆ ನಿಲ್ಲಲಿ, ಮೇಲೆ ಮರಳು ಮುಗಿಯೋ ಕಡೆ ಹಬ್ಬಿರೋ ಬಳ್ಳಿ ಅಂಚಲ್ಲಿ ಹೊಸ ದಾರಿ ಮಾಡಿ, ಜನ ಅದರಲ್ಲಿ ಬರಲಿ. ಆದ್ರೆ ಹತ್ತೊಂಬತ್ತು ವರ್ಷದಿಂದ ಎಲ್ಲರೂ ಇಲ್ಲೇ ಇಳಿದು ಅಭ್ಯಾಸ. ಅವರಿಗೆ ಹೇಳೋರು ಯಾರು?"

ಮಾವ ಮೀನಿನ ಬಲೆಯ ಗಂಟು ಬಿಡಿಸುತ್ತ, ತಲೆಯೆತ್ತದೆ ಹೇಳಿದರು: "ಗೂಡು ಯಾರದೋ ಅವರು."

ಜನವರಿ 17, ಬುಧವಾರ

ರಟ್ಟಿನ ಮೇಲೆ ದೊಡ್ಡದಾಗಿ ಬರೆದೆ: "ಇಲ್ಲಿ ಮೊಟ್ಟೆಗಳಿವೆ. ದಯವಿಟ್ಟು ಬಲಗಡೆಯ ದಾರಿಯಲ್ಲಿ ನಡೆಯಿರಿ." ಎರಡು ಸಲ ತಿದ್ದಿ, ಮೂರನೆಯ ಸಲ ಅಂದವಾಗಿ. ಅದನ್ನು ಎದೆಯ ಮುಂದೆ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತೆ.

ಎಲ್ಲರೂ ಇಳಿದು ಅದರ ಫೋಟೋ ತೆಗೆದುಕೊಂಡರು. ಆಮೇಲೆ ಎಡಗಡೆ ನಡೆದರು.

ಮಾವ ಓಡಿಬಂದು ತಡೆಯಬೇಕಾಯಿತು. ಡೀಸೆಲ್ ದೋಣಿಯ ಅಂಚು ಹಿಡಿದುಕೊಂಡು ನಕ್ಕ. "ತಂಗೀ, ಅಕ್ಷರ ಮುತ್ತಿನ ಹಾಗಿದೆ. ಆದ್ರೆ ರಜಾ ದಿನ ಯಾರಮ್ಮಾ ಓದ್ತಾರೆ?"

ಜನವರಿ 21, ಭಾನುವಾರ

ಹೇಳಿದೆ. "ಬಲಗಡೆ" ಎಂದೆ. ಅಲೆಗಳ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಜನವರಿ 24, ಬುಧವಾರ

ಡೀಸೆಲ್ ಒಂದು ಉಪಾಯ ಹೇಳಿಕೊಟ್ಟ: ಎಲ್ಲರಿಗೂ ಒಟ್ಟಿಗೆ ಹೇಳಲು ಹೋಗಬೇಡ, ಕಟ್ಟಕಡೆಯಲ್ಲಿ ಕೂತವರಿಗೊಬ್ಬರಿಗೆ ಹೇಳು, ಮುಂದಿನವರಿಗೆ ತಾನಾಗಿ ಕೇಳಿಸುತ್ತದೆ. ಕೊನೆಯಲ್ಲಿ ಊರುಗೋಲಿನ ಅಜ್ಜನೊಬ್ಬರಿದ್ದರು. ಅವರಿಗೆ ಹೇಳಿದೆ. ಅವರಿಗೆ ಕಿವಿ ಮಂದ. "ಏನು?" ಎಂದರು. ಮತ್ತೆ ಹೇಳಿದೆ. "ಏನಮ್ಮಾ?" ನಾಲ್ಕನೆಯ ಸಲಕ್ಕೆ ಇಡೀ ದೋಣಿಗೆ ಬಾಯಿಪಾಠವಾಗಿತ್ತು. ಒಬ್ಬರೂ ತಪ್ಪದೆ ಬಲಗಡೆಯೇ ನಡೆದರು.

ಬಂಡೆಯ ಬಳಿ ಈಗ ನಲವತ್ತು ಚೀಲ ಜೋಡಿಸಿದ್ದೇವೆ. ತುಂಬುವುದು ನಾನು, ಹೊರುವುದು ಮಾವ. ಅವರಿಗೆ ಐವತ್ತೆಂಟು ವರ್ಷ. ನಡುವೆ ನಡುವೆ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ, ನಾನು ನೋಡಿದರೆ ಸಮುದ್ರ ನೋಡುವವರ ಹಾಗೆ ನಟಿಸುತ್ತಾರೆ.

ಜನವರಿ 31, ಬುಧವಾರ

ಹುಣ್ಣಿಮೆಯ ಉಬ್ಬರ. ಬೆಳಿಗ್ಗೆ ಹತ್ತರ ಹೊತ್ತಿಗೆ ನೀರು ಚೀಲದ ಸಾಲಿಗೆ ಬಡಿಯತೊಡಗಿತು. ನಾವಿಬ್ಬರು ಒಂದು ಕಡೆ ಒತ್ತಿ ಹಿಡಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. ಮಾವ ಒಂದು ಚೀಲ ಎತ್ತಲು ಹೋಗಿ ಮಂಡಿಯೂರಿ ಬಿದ್ದರು. ಎದ್ದು ನಕ್ಕರು. ಮತ್ತೆ ಎತ್ತಲು ಹೋದಾಗ ಚೀಲ ಮೇಲೇಳಲಿಲ್ಲ.

ಮೇಲೆ ಹಗ್ಗದಾಚೆ ನೋಡಲು ಬಂದವರು ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಒಬ್ಬರು ವೀಡಿಯೋ ತೆಗೆಯುತ್ತಿದ್ದರು. ನನಗೆ ಸಿಟ್ಟು ಬಂತು. "ನೀವು, ಟೋಪಿಯವರು! ಫೋನ್ ಒಳಗಿಡಿ. ಆ ಸಲಿಕೆ ತಗೊಳ್ಳಿ. ಮಿಕ್ಕವರು ಹಗ್ಗದ ಪಕ್ಕ ಸಾಲಾಗಿ ನಿಂತು ಚೀಲ ದಾಟಿಸಿ. ಹಗ್ಗದ ಒಳಗೆ ಕಾಲಿಡಬೇಡಿ!" ಎಂದೆ. ಅಷ್ಟೆಲ್ಲ ಹೇಳಿದ್ದು ಸಂಜೆ ಮಾವ ಅಣಕಿಸಿ ತೋರಿಸಿದ ಮೇಲೆ ನೆನಪಾಯಿತು. ಟೋಪಿಯವರು ಯಾವುದೋ ಬ್ಯಾಂಕಿನ ಮ್ಯಾನೇಜರಂತೆ. ಪ್ಯಾಂಟು ಮಡಚಿ ಒಂದು ಗಂಟೆ ಮರಳು ತುಂಬಿದರು. ಹೋಗುವಾಗ "ಮತ್ತೆ ಯಾವಾಗ ಉಬ್ಬರ?" ಎಂದು ಕೇಳಿದರು, ಬರುವವರ ಹಾಗೆಯೇ.

ಸಾಲು ನಿಂತಿತು. ಎರಡು ಅಲೆ ಮಾತ್ರ ಒಳಗೆ ದಾಟಿದವು. ಎರಡು ಅಲೆಯ ಉಪ್ಪುನೀರು ಮೊಟ್ಟೆಗೆ ಹೆಚ್ಚೋ ಕಡಿಮೆಯೋ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಬೇಕು.

ಫೆಬ್ರವರಿ 6, ಮಂಗಳವಾರ

ಕೇಳಿದೆ. "ಹೇಳೋಕಾಗಲ್ಲ," ಎಂದರು. "ಹೇಳೋಕಾಗಲ್ಲ ಅಂದ್ರೆ ನೂರಕ್ಕೆ ಎಷ್ಟು?" ಎಂದು ಕೇಳಿದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೀನು ಮಾತಾಡ್ತೀಯಾ!" ಎಂದರು.

ಫೆಬ್ರವರಿ 11, ಭಾನುವಾರ

ಬರೀ "ಬಲಗಡೆ ನಡೆಯಿರಿ" ಎಂದರೆ ಜನ ಕೇಳುವುದಿಲ್ಲ, ಯಾಕೆ ಎನ್ನುತ್ತಾರೆ. ಯಾಕೆ ಎಂಬುದಕ್ಕೆ ಆಮೆ ಎಷ್ಟು ದೂರದಿಂದ ಬಂತು ಎಂಬಲ್ಲಿಂದ ಶುರುಮಾಡಬೇಕು. ಅದನ್ನು ಹೇಳಿದರೆ ಅದಕ್ಕೆ ದಾರಿ ಹೇಗೆ ಗೊತ್ತು ಎನ್ನುತ್ತಾರೆ. ಹಾಗಾಗಿ ಮಾತು ಉದ್ದವಾಗುತ್ತಿದೆ. ಇವತ್ತು ಒಬ್ಬ ಹುಡುಗಿ, "ಅಮ್ಮ ಆಮೆ ಮತ್ತೆ ಬಂದು ಮರಿ ನೋಡಲ್ವಾ?" ಎಂದು ಕೇಳಿದಳು. ಇಲ್ಲ, ಇಟ್ಟು ಹೋದ ಮೇಲೆ ತಿರುಗಿ ನೋಡುವುದಿಲ್ಲ ಎಂದೆ. "ಮತ್ತೆ ಯಾರು ನೋಡ್ಕೊಳ್ತಾರೆ?" ಎಂದಳು. ನಾನು ಮಾವನ ಕಡೆ ಕೈ ತೋರಿಸಿದೆ. ಮಾವ ತಕ್ಷಣ ಬಕೆಟು ಎತ್ತಿಕೊಂಡು ಇಲ್ಲದ ಕೆಲಸಕ್ಕೆ ಹೊರಟುಬಿಟ್ಟರು. ನಾಚಿಕೆ ನಮ್ಮ ಅಮ್ಮನ ಕಡೆಯಿಂದಲೇ ಬಂದಿರಬೇಕು.

ಪೆಟ್ಟಿಗೆಯ ಪುಸ್ತಕಗಳಿಗೆ ಗೆದ್ದಲು ಹತ್ತಿದೆ. ಬಿಸಿಲಿಗೆ ಹಾಕಬೇಕು, ದಿನವೂ ಮರೆಯುತ್ತೇನೆ.

ಫೆಬ್ರವರಿ 20, ಮಂಗಳವಾರ

ಅಮ್ಮನ ಫೋನು. ಏಣಿಯ ಮೇಲೆ ನಿಂತು ಮಾತಾಡಿದೆ. ಬಂದರು ಪಟ್ಟಣದ ಕಾಲೇಜಿನಿಂದ ಪತ್ರ ಬಂದಿದೆಯಂತೆ, ಮಾರ್ಚ್ 6ಕ್ಕೆ ಸಂದರ್ಶನ. ನಾನು ಬೆರಳು ಮಡಚಿ ಎಣಿಸಿದೆ. ಗೂಡು 27ಕ್ಕೆ ಐವತ್ತೊಂದು ದಿನವಾಗುತ್ತದೆ. ನಲವತ್ತೈದರಿಂದ ಐವತ್ತೈದರೊಳಗೆ ಮರಿ ಬರಬೇಕು. ಆಗ ನಾನು ಇಲ್ಲಿರದಿದ್ದರೆ?

"ಅಮ್ಮ, ಆ ವಾರ ಆಗಲ್ಲ."

"ಆಗಲ್ಲ ಅಂದ್ರೇನೇ? ಆಮೆ ಮೊಟ್ಟೆಗೆ ನೀನು ಕಾವು ಕೊಡಬೇಕಾ?"

ಮಾವ ಕೆಳಗಿಂದ ಕೂಗಿದರು: "ಅಕ್ಕಾ, ಕಳಿಸ್ತೀನಿ! ಡೀಸೆಲ್ ಬೆಳಿಗ್ಗೆ ಬಿಟ್ಟು ಬರ್ತಾನೆ, ಡಾಕ್ಟರಮ್ಮನ ಜೊತೆ ಮೂರು ಗಂಟೆ ದೋಣೀಲಿ ವಾಪಸು!"

ನನಗೆ ಬೇಡವಾಗಿತ್ತು. ಸಂದರ್ಶನವೂ, ಆ ಒಂದು ದಿನವೂ.

ಫೆಬ್ರವರಿ 28, ಬುಧವಾರ

ಮಾವನ ಗೂಡುಗಳೆಲ್ಲ ಒಂದೊಂದಾಗಿ ಒಡೆಯುತ್ತಿವೆ. ಗೂಟದ ಪಕ್ಕ ಮರಳು ಬಟ್ಟಲಿನ ಹಾಗೆ ತಗ್ಗುತ್ತದೆ, ಮಾರನೆಯ ಬೆಳಿಗ್ಗೆ ನೀರಿನ ತನಕ ಪುಟ್ಟ ಪುಟ್ಟ ಗೆರೆಗಳು. ನನ್ನ ಇಪ್ಪತ್ತೈದು, ಇಪ್ಪತ್ತಾರೂ ಇವತ್ತು ತಗ್ಗಿವೆ, ಅದೇ ಬೆಳಿಗ್ಗೆ ನೆಟ್ಟ ಗೂಟಗಳು. ಅಕ್ಕಪಕ್ಕದ ಮನೆಗಳಲ್ಲಿ ತೊಟ್ಟಿಲು ತೂಗುವಾಗ ನಮ್ಮ ಮನೆಯ ಬಾಗಿಲು ನೋಡಿದ ಹಾಗಿದೆ ನನ್ನ ಸ್ಥಿತಿ. ದಿನಕ್ಕೆ ಆರು ಸಲ ಬಂಡೆಯ ಬಳಿ ಹೋಗುತ್ತೇನೆ. ಹಗ್ಗದ ಒಳಗೆ ಏಡಿಯ ತೂತುಗಳು ಮಾತ್ರ.

ಮಾರ್ಚ್ 4, ಭಾನುವಾರ

ಏನೂ ಇಲ್ಲ. ಮಾವ ಪಕ್ಕದಲ್ಲಿ ಬಂದು ನಿಂತರು. "ನನ್ನ ಮೊದಲನೇ ವರ್ಷ ಹನ್ನೊಂದು ಗೂಡು ಕಳೆದಿದ್ದೆ," ಎಂದರು. ರಿಜಿಸ್ಟರ್‌ನ ಮೊದಲ ವರ್ಷದ ಪುಟಗಳನ್ನು ಓದಿದ್ದೇನೆ. ಒಂದೂ ಕಳೆದಿಲ್ಲ.

ಮಾರ್ಚ್ 6, ಮಂಗಳವಾರ

ಸಂದರ್ಶನಕ್ಕೆ ಹೋಗಿಬಂದೆ. ಹನ್ನೊಂದಕ್ಕೆ ಎಂದಿದ್ದವರು ಒಂದೂವರೆಗೆ ಕರೆದರು. ಉದ್ದ ಮೇಜಿನಾಚೆ ಐದು ಜನ. ಮೂರು ಗಂಟೆಗೆ ದೋಣಿಯಿದೆ, ಬೇಗ ಮುಗಿಸಿದರೆ ಉಪಕಾರವಾಗುತ್ತದೆ ಎಂದು ಮೊದಲೇ ಹೇಳಿಬಿಟ್ಟೆ. ಅವರೇನೋ ಪದವಿಯ ನಂತರ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಪ್ರಾಂಶುಪಾಲರು ತಾಯಿ ಆಮೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ನೀರಿಗೆ ಒಯ್ಯುತ್ತದಲ್ಲವೇ ಎಂದರು. ಇಲ್ಲ ಸರ್, ತಪ್ಪು ಎಂದೆ, ಸರಿಯಾದದ್ದು ವಿವರಿಸಿದೆ. ಮರಳಿನ ಗುರುತು ಹೇಗಿರುತ್ತದೆಂದು ಕೇಳಿದವರಿಗೆ ಅವರದೇ ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಸಾಹಿತ್ಯದ ಬಗ್ಗೆಯೂ ಏನೋ ಕೇಳಿದರು. ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟೂ ಹೊತ್ತು ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಹೊರಗೆ ಬಂದು ಓಡಿದೆ. ದೋಣಿ ಸಿಕ್ಕಿತು.

ಮಾವ ದಡದಲ್ಲೇ ತಲೆ ಅಲ್ಲಾಡಿಸಿದರು. ಗೂಡು ಇನ್ನೂ ಒಡೆದಿಲ್ಲ.

ಮಾರ್ಚ್ 7, ಬುಧವಾರ

ಮರೆಯುವ ಮೊದಲು ಬರೆಯಬೇಕು.

ಬೆಳಗಿನ ಜಾವ ಕಾಲವಲ್ಲದ ಕಾಲದಲ್ಲಿ ಮಳೆ ಬಿತ್ತು. ಎಂಟಕ್ಕೂ ಮೋಡ ಕವಿದೇ ಇತ್ತು, ಮರಳು ತಣ್ಣಗಿತ್ತು. ದೋಣಿಯವರೆಲ್ಲ ಕೊಡೆ ಹಿಡಿದು ಇಳಿದರು. ನಾನು ಮಾತು ಮುಗಿಸಿ, ಅವರನ್ನು ಹಿಂದಿಟ್ಟುಕೊಂಡು ಬಳ್ಳಿ ಅಂಚಿನ ಹೊಸ ದಾರಿಯಲ್ಲಿ ಹೊರಟೆ. ನಲವತ್ತು ಹೆಜ್ಜೆ ಹೋಗಿರಬೇಕು. ದಾರಿಯ ನಟ್ಟನಡುವೆ, ನನ್ನ ಹೆಬ್ಬೆರಳಿನ ಮುಂದೆ, ಮರಳಿನಲ್ಲಿ ಅಂಗೈಯಷ್ಟು ತಗ್ಗು. ಅದರ ಅಂಚಿನಲ್ಲಿ ಬಿರುಕು. ಬಿರುಕಿನಲ್ಲಿ ಬೂದು ಬಣ್ಣದ ಒಂದು ಪುಟ್ಟ ತಲೆ.

"ನಿಲ್ಲಿ!" ಎಂದೆ. ದೂರದಲ್ಲಿ ದೋಣಿ ತಿರುಗಿಸುತ್ತಿದ್ದ ಡೀಸೆಲ್ ತನಗೇ ಹೇಳಿದ್ದೆಂದು ಇಂಜಿನ್ ನಿಲ್ಲಿಸಿದನಂತೆ.

ಆಗ ಅರ್ಥವಾಯಿತು. ಇದು ನನ್ನದು. ಇಪ್ಪತ್ತೇಳು. ಬಂಡೆಯ ಬಳಿ ಎಂದೂ ಇರಲೇ ಇಲ್ಲ. ಐವತ್ತು ದಿನ ಖಾಲಿ ಮರಳಿಗೆ ಹಗ್ಗ ಕಟ್ಟಿ, ಚೀಲ ಜೋಡಿಸಿ, ಹದಿನಾಲ್ಕು ದೋಣಿಯ ಜನರನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಬಲಗಡೆ ಬಲಗಡೆ ಎಂದು ಕೂಗಿ ಇವುಗಳ ತಲೆಯ ಮೇಲೆಯೇ ನಡೆಸಿದ್ದೆ.

ಮರಳಿನ ಮೇಲ್ಪದರ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ತಲೆ ಹೊರಗೆ ಹಾಕಿದ ಮರಿಯ ಕೈಗಳು ಒಳಗೇ ಸಿಕ್ಕಿಕೊಂಡಿದ್ದವು. ಕಣ್ಣು ತೆರೆದಿತ್ತು, ಕಣ್ಣಿನ ತುಂಬ ಮರಳು. ಮರಿಗಳನ್ನು ಮುಟ್ಟಬಾರದು ಎಂಬುದು ಡಾಕ್ಟರಮ್ಮನ ಕಟ್ಟುನಿಟ್ಟು. ಮಾವ ಆಚೆ ತುದಿಯಲ್ಲಿದ್ದರು. ಕೇಳಲು ಯಾರೂ ಇರಲಿಲ್ಲ. ಮಂಡಿಯೂರಿ, ಮರಿಯನ್ನು ಮುಟ್ಟದೆ, ಸುತ್ತಲಿನ ಪದರವನ್ನು ಬೆರಳ ತುದಿಯಿಂದ ಚೂರು ಚೂರಾಗಿ ಬಿಡಿಸಿದೆ. ಉಗುರು ಮುರಿದವು. ಮೊದಲನೆಯದು ಹೊರಗೆ ಬಂತು. ಅದರ ಹಿಂದೆ ಎರಡು. ಆಮೇಲೆ ಮರಳು ಕುದಿಯುವ ಹಾಗೆ ಒಟ್ಟಿಗೆ ಉಕ್ಕಿದವು, ಒಂದರ ಬೆನ್ನ ಮೇಲೆ ಒಂದು ಹತ್ತಿಕೊಂಡು.

ತಲೆಯ ಮೇಲೆ ಕಾಗೆಗಳು ಸೇರತೊಡಗಿದವು. ನೀರಿಗೆ ಮೂವತ್ತು ಗಜವಿತ್ತು.

"ಕೊಡೆ ಬಿಚ್ಚಿ ಎಲ್ಲರೂ! ಎರಡು ಸಾಲು, ಇಲ್ಲಿಂದ ನೀರಿನ ತನಕ! ಮಧ್ಯೆ ಎರಡು ಮಾರು ಜಾಗ ಬಿಡಿ. ನಿಂತ ಕಾಲು ಎತ್ತಬೇಡಿ, ಕಾಲ ಕೆಳಗೆ ಬಂದ್ರೂ ಎತ್ತಬೇಡಿ, ಅದು ಸುತ್ತಿ ಹೋಗುತ್ತೆ! ಏ ಯಜಮಾನ್ರೇ, ಫ್ಲಾಶ್ ಆರಿಸಿ! ಅಕ್ಕಾ, ನಿಮ್ಮ ಕೊಡೆ ಕೆಳಗೆ ಮಾಡಿ, ಕಾಗೆ ನುಗ್ತಾ ಇದೆ!"

ಕಪ್ಪು ಕೊಡೆ, ಹೂವಿನ ಕೊಡೆ, ಯಾವುದೋ ಔಷಧದ ಅಂಗಡಿಯ ಹೆಸರಿದ್ದ ಕೊಡೆ, ಎರಡು ಸಾಲು. ನಡುವೆ ಅವು ಹೊರಟವು. ಒಬ್ಬ ಮುದುಕಿ ಗಟ್ಟಿಯಾಗಿ ಎಣಿಸುತ್ತಿದ್ದರು. ಒಬ್ಬಾತನ ಚಪ್ಪಲಿಗೆ ಒಂದು ಮರಿ ಎದುರಾಗಿ ನಿಂತುಬಿಟ್ಟಿತು. ಆತ ಉಸಿರು ಬಿಗಿಹಿಡಿದು, "ಹೋಗಪ್ಪಾ, ಹೋಗು ಮಾರಾಯ, ನನ್ನ ಕಾಲು ಜೋಮು ಹಿಡೀತಾ ಇದೆ" ಎಂದು ಪಿಸುಗುಟ್ಟುತ್ತಿದ್ದ. ಮಾವ ಓಡಿಬಂದವರು ದೂರದಲ್ಲೇ ನಿಂತರು. ಹತ್ತಿರ ಬರಲಿಲ್ಲ. ಮುಕ್ಕಾಲು ಗಂಟೆ ಯಾರೂ ಅಲುಗಲಿಲ್ಲ.

ಎಂಬತ್ತನಾಲ್ಕು, ಎಂದರು ಮುದುಕಿ. ಕಾಗೆಗೆ ಒಂದೂ ಸಿಗಲಿಲ್ಲ.

ಜನ ಹೋದ ಮೇಲೆ ಮಾವ ಬಂಡೆಯಿಂದ ಆ ತಗ್ಗಿನ ತನಕ ನಡೆದು ನೋಡಿದರು. ಮೂವತ್ತೆರಡು ಹೆಜ್ಜೆ. "ಅವಳು ಬಂಡೆ ಹತ್ರ ತೋಡಿದ್ದಾಳೆ, ಒಳಗೆ ಕಲ್ಲು ಸಿಕ್ಕಿದೆ. ಬಿಟ್ಟು ಮೇಲಕ್ಕೆ ಹೋಗಿ ಇಲ್ಲಿ ಇಟ್ಟಿದ್ದಾಳೆ. ನೀನು ಅರ್ಧ ಪುಟ ಓದಿ ಪುಸ್ತಕ ಮುಚ್ಚಿದೆ, ಎಂ.ಎ." ಆಮೇಲೆ ನಗು ಶುರುವಾಯಿತು. ಚೀಲಗಳ ಸಾಲನ್ನು ನೋಡುವುದು, ಹೊಟ್ಟೆ ಹಿಡಿದುಕೊಂಡು ನಗುವುದು. "ನೂರಾ ಹತ್ತು ಚೀಲ! ಬ್ಯಾಂಕ್ ಮ್ಯಾನೇಜರು!" ಕಣ್ಣು ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು.

ಮಾರ್ಚ್ 10, ಶನಿವಾರ

ಮರಿ ಹೊರಟು ಮೂರು ದಿನಕ್ಕೆ ಗೂಡನ್ನು ತೋಡಿ ಎಣಿಸಬೇಕು. ಡಾಕ್ಟರಮ್ಮ ಇದಕ್ಕೆಂದೇ ಬಂದರು. ತೋಡಿದ್ದು ನಾನು. ಒಟ್ಟು ನೂರಾ ಹನ್ನೆರಡು. ಹೊರಗೆ ಹೋದದ್ದು ಎಂಬತ್ತನಾಲ್ಕು. ಹದಿನೇಳು ಮೊಟ್ಟೆ ಬಲಿತೇ ಇರಲಿಲ್ಲ, ಅದು ಪ್ರತಿ ಗೂಡಿನಲ್ಲೂ ಇರುವಂಥದ್ದು. ಹನ್ನೊಂದು ಮರಿಗಳು ಪೂರ್ತಿ ಬೆಳೆದು, ಚಿಪ್ಪು ಒಡೆದು, ಗಟ್ಟಿ ಪದರದ ಕೆಳಗೆ ಬಂದು ಅಲ್ಲೇ ಸತ್ತಿದ್ದವು. ತಲೆಗಳೆಲ್ಲ ಮೇಲ್ಮುಖವಾಗಿದ್ದವು.

ಡಾಕ್ಟರಮ್ಮ ನನ್ನನ್ನು ಸಮಾಧಾನಪಡಿಸಲಿಲ್ಲ. ಹನ್ನೊಂದನ್ನೂ ಅಂಗೈ ಮೇಲಿಟ್ಟು ಅಳೆದು ನನ್ನ ಕೈಯಿಂದ ಬರೆಸಿದರು. ಆಮೇಲೆ ತಮ್ಮ ಬುತ್ತಿಯ ಅರ್ಧ ಬ್ರೆಡ್ಡು ನನ್ನ ಕಡೆ ತಳ್ಳಿದರು. "ಕೊಡೆ ಉಪಾಯ ನಾನು ಬರೆದ ಕೈಪಿಡೀಲಿ ಇಲ್ಲ," ಎಂದರು. "ಸೇರಿಸ್ತೀನಿ."

ಹನ್ನೊಂದನ್ನು ಬಳ್ಳಿಯ ಬುಡದಲ್ಲಿ ಹೂತೆ. ಹೂತದ್ದನ್ನು ಇನ್ನೂ ಮಾವನಿಗೆ ಹೇಳಿಲ್ಲ. ಹೇಳಲು ಆಗುತ್ತಲೂ ಇಲ್ಲ; ಬುಧವಾರದಿಂದ ಗಂಟಲು ಪೂರ್ತಿ ಬಿದ್ದುಹೋಗಿದೆ, ಗಾಳಿ ಮಾತ್ರ ಬರುತ್ತದೆ. ಮಾವ ಹೊತ್ತಿಗೊಮ್ಮೆ ಬಿಸಿನೀರು ಕೊಡುತ್ತಿದ್ದಾರೆ.

ಸಂಜೆ ಅಮ್ಮನ ಫೋನು ಬಂತು. ನನ್ನ ಬದಲು ಮಾವ ಏಣಿ ಹತ್ತಿದರು. ಅಮ್ಮನ ಧ್ವನಿ ಕೆಳಗಿನ ತನಕ ಕೇಳಿಸುತ್ತಿತ್ತು.

"ಅವಳಿಗೆ ಕೊಡೋ."

"ಅವಳು ಮಾತಾಡೋ ಹಾಗಿಲ್ಲ ಅಕ್ಕ."

"ಅಲ್ಲಿಗೆ ಕಳಿಸಿದ್ರೂ ಅದೇ ಕಥೆಯಾ? ಸಂದರ್ಶನದಲ್ಲೂ ಹೀಗೇ ಕೂತಿದ್ಲಾ?"

"ಅಯ್ಯೋ, ಗಂಟಲು ಬಿದ್ದಿದೆ ಕಣೆ. ಕೂಗಿ ಕೂಗಿ. ಇಪ್ಪತ್ತೈದು ಜನರನ್ನ ಮುಕ್ಕಾಲು ಗಂಟೆ ಅಲುಗಾಡದ ಹಾಗೆ ನಿಲ್ಲಿಸಿದ್ಲು. ಡೀಸೆಲ್ ಹೆದರಿ ದೋಣೀನೇ ನಿಲ್ಲಿಸಿಬಿಟ್ಟ."

ಅಮ್ಮನ ಧ್ವನಿ ಇನ್ನೂ ಏರಿತು.

"ಲೋ, ನೀನು ಯಾರ ಮಗಳ ವಿಷಯ ಹೇಳ್ತಾ ಇದ್ದೀಯ?"

ಮಾವ ಏಣಿ ಮೇಲೆ ನಿಂತು ಒಂದೇ ಸಮ ನಕ್ಕರು, ಟ್ಯಾಂಕು ಅಲ್ಲಾಡುವ ಹಾಗೆ. ಅದರಲ್ಲಿ ಅಷ್ಟು ನಗುವಂಥದ್ದೇನಿತ್ತೋ ತಿಳಿಯಲಿಲ್ಲ.

ನಾಳೆ ಭಾನುವಾರ, ದೋಣಿ ಬರುತ್ತದೆ. ಗಂಟಲು ಹೀಗೇ ಇದ್ದರೆ ಮಾವನೇ ಮಾತಾಡಬೇಕು. ಅವರು ಅರ್ಧಕ್ಕರ್ಧ ಬಿಟ್ಟುಬಿಡುತ್ತಾರೆ.